ಚನ್ನಬಸಮ್ಮನ ತಿದ್ದುಪಡಿ

ಮೈಸೂರಿನ ಬಕ್ಷಿ ಬಂಗಲೆಯನ್ನು 1911ರಲ್ಲಿ ಅರಮನೆಯ ಅಧಿಕಾರಿಯೊಬ್ಬರು ವಾಸಕ್ಕೆಂದು ಕಟ್ಟಿಸಿದರು. ಆಮೇಲೆ ಅದು ವಿದ್ಯಾರ್ಥಿನಿಲಯವಾಯಿತು. 1993ರಿಂದ ಪಡಿತರ ಚೀಟಿ ಕಚೇರಿ. 2002ರ ಜನವರಿಯಲ್ಲಿ ಕಚೇರಿ ಬೇರೆ ಕಟ್ಟಡಕ್ಕೆ ಹೋಯಿತು, ಏಪ್ರಿಲ್‌ನಲ್ಲಿ ಬಂಗಲೆ ಕಲ್ಯಾಣ ಮಂಟಪವಾಯಿತು. ಈ ಕೊನೆಯ ಸಂಗತಿ ಕುಂಬಾರಕೊಪ್ಪಲಿನ ಚನ್ನಬಸವಯ್ಯನವರಿಗೆ ತಿಳಿದಿರಲಿಲ್ಲ.

ಅವರ ಕಾರ್ಡಿನಲ್ಲಿ ಹೆಸರು ‘ಚನ್ನಬಸಮ್ಮ’, ಲಿಂಗ ‘ಹೆಣ್ಣು’ ಎಂದಿತ್ತು. ನ್ಯಾಯಬೆಲೆ ಅಂಗಡಿಯವನು ಸಕ್ಕರೆ ಕೊಡುತ್ತಿರಲಿಲ್ಲ. “ಚನ್ನಬಸಮ್ಮೋರನ್ನೇ ಕಳಿಸಿ ಸಾ,” ಎನ್ನುತ್ತಿದ್ದ. ನವೆಂಬರಿನಲ್ಲಿ ತಿದ್ದುಪಡಿಗೆ ಹೋದಾಗ ಗುಮಾಸ್ತೆ ರಕ್ಷಿತಾ, “ಆರು ತಿಂಗಳು ಬಿಟ್ಟು ಸೋಮವಾರ ಬನ್ನಿ,” ಎಂದಿದ್ದರು.

ಮೇ ತಿಂಗಳ ಒಂದು ಸೋಮವಾರ ಅರ್ಜಿಯನ್ನು ಕವರಿಗೆ ಹಾಕಿಕೊಂಡು ಬಂದರು. ಸ್ಥಳಾಂತರದ ನೋಟಿಸನ್ನು ವಧೂವರರ ಹೆಸರಿನ ಹೂವಿನ ಬೋರ್ಡು ಮುಚ್ಚಿತ್ತು. ವಾಲಗ ಕೇಳಿ, ಇಲಾಖೆಯ ವಾರ್ಷಿಕೋತ್ಸವವಿರಬೇಕು ಅಂದುಕೊಂಡರು. ಒಳಗೆ ಎಂದಿನಂತೆ ಉದ್ದದ ಸಾಲು, ಎಲ್ಲರ ಕೈಯಲ್ಲೂ ಕವರು. ಸಾಲಿನ ತುದಿಯಲ್ಲಿ, ಹಿಂದೆ ತಿದ್ದುಪಡಿ ಕೌಂಟರ್ ಇದ್ದ ಜಾಗದಲ್ಲೇ, ಅದೇ ರಕ್ಷಿತಾ. ಒಡವೆ ಮಾತ್ರ ಹೆಚ್ಚಾಗಿತ್ತು. ಪಕ್ಕದಲ್ಲಿ ಪೇಟ ತೊಟ್ಟ ಹೊಸ ಗುಮಾಸ್ತ.

ಮುಂದಿದ್ದವರು ತಿರುಗಿ, “ಹುಡುಗಿ ಕಡೆಯೋರೋ, ಹುಡುಗನ ಕಡೆಯೋರೋ?” ಎಂದರು.

“ತಿದ್ದುಪಡಿ ಕಡೆಯೋನು.”

ವೇದಿಕೆ ಹತ್ತಿ ಕವರು ಕೊಟ್ಟರು. “ಆರು ತಿಂಗಳಾಯ್ತು ಕಣಮ್ಮ.”

ರಕ್ಷಿತಾ ಅಭ್ಯಾಸಬಲದಿಂದ ಕವರು ಬಿಚ್ಚಿ ಓದಿದರು. “ಫೋಟೋ ಎಲ್ಲಿ? ಫೋಟೋ ಇಲ್ದೆ ತಗೊಳಲ್ಲ.”

“ಯಾರಿವ್ರು?” ಎಂದು ಮದುಮಗ ವಿಶ್ವನಾಥ್ ಮೆಲ್ಲಗೆ ಕೇಳಿದ.

“ಚನ್ನಬಸಮ್ಮ.”

ವಿಶ್ವನಾಥ್ ಅತಿಥಿಯ ಮೀಸೆಯನ್ನೊಮ್ಮೆ ನೋಡಿ ಪೇಟ ಸರಿಮಾಡಿಕೊಂಡ.

“ಇಲ್ನೋಡಿ ಸಾ,” ಎಂದ ಫೋಟೋಗ್ರಾಫರ್. ಫ್ಲಾಶ್ ಹೊಳೆಯಿತು. ಅದೇ ಕ್ಷಣಕ್ಕೆ ಹಿಂದಿನಿಂದ ಯಾರೋ ವಧೂವರರಿಗೆಂದು ಅಕ್ಷತೆ ಎಸೆದರು.

“ಫೋಟೋ ಆಯ್ತು ಬುಡಿ,” ಎಂದು ರಕ್ಷಿತಾ ಅರ್ಜಿಯನ್ನು ತಾಯಿಯ ಕೈಗಿತ್ತರು. “ಅಮ್ಮ, ಇದನ್ನ ಮುಯ್ಯಿ ಕವರ್ ಜೊತೆ ಸೇರಿಸ್ಬೇಡ. ನೀವು ಊಟ ಮಾಡ್ಕೊಂಡೋಗಿ ಯಜಮಾನ್ರೇ.”

ಆ ಕೌಂಟರಿನಲ್ಲಿ ಇಂಥ ಮಾತು ಚನ್ನಬಸವಯ್ಯನವರು ಕೇಳಿದ್ದು ಇದೇ ಮೊದಲು. ಎರಡು ಸಲ ಪಾಯಸ ಹಾಕಿಸಿಕೊಂಡರು.

ಮುಂದಿನ ತಿಂಗಳು ಕಾರ್ಡು ಬಂತು. ಹೆಸರು ಚನ್ನಬಸವಯ್ಯ, ಲಿಂಗ ಗಂಡು. ಅಂಗಡಿಯವನು ಸಕ್ಕರೆ ತೂಗಿದ. ಮನೆಯಲ್ಲಿ ಹೆಂಡತಿ ಪಾರ್ವತಮ್ಮ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದರು. ಫೋಟೋದಲ್ಲಿ ಗಂಡನ ತಲೆಯ ಮೇಲೆ ನಾಲ್ಕು ಅಕ್ಷತೆ ಕಾಳು, ಎಡಭುಜಕ್ಕೆ ತಾಗಿದಂತೆ ಹೂವಿನ ಹಾರದ ಅಂಚು, ಅದರ ಪಕ್ಕ ಬಳೆ ತೊಟ್ಟ ಒಂದು ಕೈ.

“ಸಕ್ಕರೆ ವಿಷ್ಯ ಆಮೇಲಿರ್ಲಿ,” ಎಂದರು ಪಾರ್ವತಮ್ಮ, ಬಳೆಯ ಕೈ ಮೇಲೆ ಬೆರಳಿಟ್ಟು. “ಈ ಚನ್ನಬಸಮ್ಮ ಯಾರು, ಮೊದ್ಲು ಅದನ್ನೇಳಿ.”