ಮಂಚಮ್ಮನ ಒಲೆಯ ಕೆಂಡ

ಪೆಟ್ರೋಲೆಲ್ಲ ಯುದ್ಧಕ್ಕೆ ಹೋದ ಮೇಲೆ ಮಳವಳ್ಳಿಯಿಂದ ಮದ್ದೂರಿಗೆ ಓಡುತ್ತಿದ್ದದ್ದು ಇದ್ದಲಿನ ಬಸ್ಸು. ಓಡುತ್ತಿತ್ತು ಅನ್ನುವುದೂ ದೊಡ್ಡ ಮಾತೇ. ಹಿಂದುಗಡೆ ಕಬ್ಬಿಣದ ಹಂಡೆಯೊಂದನ್ನು ಕಟ್ಟಿಕೊಂಡು, ಅದರೊಳಗೆ ಇದ್ದಲು ಉರಿಸಿ, ಆ ಹೊಗೆಯ ಬಲದಲ್ಲಿ ಕೆಮ್ಮುತ್ತ ಕ್ಯಾಕರಿಸುತ್ತ ತೆವಳುತ್ತಿತ್ತು. ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳಬೇಕು. ಟಿಕೀಟು ತೆಗೆದವನೇ ಎತ್ತೂ ಆಗುವ ಇಂಥ ಸವಾರಿ ಲೋಕದಲ್ಲಿ ಇನ್ನೆಲ್ಲೂ ಇರಲಾರದು ಎಂದು ಹುಣಸೆಕೊಪ್ಪಲಿನ ಯಜಮಾನ ಬೆಟ್ಟಯ್ಯ ಹಲ್ಲು ಕಡಿದ.

ಅಂದು ಅವನ ಸಿಟ್ಟಿಗೆ ಕಾರಣವೂ ಇತ್ತು. ಮಗಳು ಮಂಗಳಮ್ಮ ಚೊಚ್ಚಲ ಹೆರಿಗೆಗೆಂದು ಮಂಡ್ಯದ ಆಸ್ಪತ್ರೆ ಸೇರಿ ಎರಡು ದಿನವಾಗಿತ್ತು. ಮಗು ಅಡ್ಡ ತಿರುಗಿದೆ, ಕುಯ್ದು ತೆಗೆಯಬೇಕು, ಅದಕ್ಕೆ ಗಂಡನೋ ತಂದೆಯೋ ಬಂದು ಹೆಬ್ಬೆಟ್ಟು ಒತ್ತಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಗಂಡ ಮಿಲಿಟರಿ ಸೇರಿ ಬರ್ಮಾದ ಕಡೆ ಎಲ್ಲೋ ಇದ್ದ. ಸಂಜೆಯೊಳಗೆ ಬಾರದಿದ್ದರೆ ಹುಡುಗಿ ಉಳಿಯುವುದಿಲ್ಲ ಎಂದು ಬೆಟ್ಟಯ್ಯನ ಹೆಂಡತಿ ಮುದ್ದಮ್ಮ ಆಳಿನ ಕೈಯಲ್ಲಿ ಹೇಳಿ ಕಳಿಸಿದ್ದಳು. ಮದ್ದೂರು ಮುಟ್ಟಿ ಮಧ್ಯಾಹ್ನದ ರೈಲು ಹಿಡಿದರೆ ಸರಿ, ತಪ್ಪಿದರೆ ಕೆಟ್ಟಿತು.

ಎದುರು ಸೀಟಿನಲ್ಲಿ ಕರೆಂಟು ಆಫೀಸಿನ ಗುಮಾಸ್ತನೊಬ್ಬ ಪೇಪರು ಹಿಡಿದು ಕೇಳಿದವರಿಗೂ ಕೇಳದವರಿಗೂ ಯುದ್ಧದ ಸುದ್ದಿ ಓದುತ್ತಿದ್ದ. ಜರ್ಮನಿಯವರು ಹಿಂದೆ ಸರಿದರಂತೆ, ಜಪಾನಿನವರು ಮುಂದೆ ಬಂದರಂತೆ. ಬೆಟ್ಟಯ್ಯನಿಗೆ ಮೈಯೆಲ್ಲ ಉರಿಯಿತು.

"ಅವ್ರು ಯಾವ ಕಡೀಕಾರ ಸರೀಲಿ ಸ್ವಾಮಿ. ಯುದ್ಧಕ್ಕೆ ಅಂತ ಸರ್ಕಾರ್ದೋರು ನಮ್ಮ ಕಣದಿಂದ ರಾಗಿ ಅಳ್ಕೊಂಡೋದ್ರಲ್ಲ, ಅದ್ಯಾವಾಗ ಇಂದಕ್ಕೆ ಸರೀತದೆ, ಅದ ಓದಿ."

ಪಕ್ಕದಲ್ಲಿದ್ದ ರೇವಣ್ಣ ಗಹಗಹಿಸಿ ನಕ್ಕ. ಅದೇ ಊರಿನವನು. ಯಜಮಾನ ನಗುವ ಮೊದಲೇ ನಗುವುದು, ಸೀನುವ ಮೊದಲೇ ಚಿರಂಜೀವಿ ಅನ್ನುವುದು ಅವನ ಕಸುಬು. ತೊಡೆಯ ಮೇಲಿದ್ದ ಹಿತ್ತಾಳೆ ಚೊಂಬನ್ನು ಮುಂದೆ ಹಿಡಿದು, "ನೀರು ಕುಡೀರಿ ಯಜಮಾನ್ರೆ, ಗಂಟ್ಲು ಒಣಗಿರ್ತದೆ" ಅಂದ. ಬೆಟ್ಟಯ್ಯ ಎತ್ತಿ ಕುಡಿದ. ಹೊಗಳಿಕೆಯನ್ನೂ ಅವನು ಹಾಗೆಯೇ ಎತ್ತಿ ಕುಡಿಯುವ ಆಸಾಮಿ.

ಊರು ಬಿಟ್ಟು ಎರಡು ಮೈಲಿ ಆಗಿರಬೇಕು. ಬಸ್ಸು ಮೂರು ಸಲ ಬಿಕ್ಕಿ ನಿಂತೇಬಿಟ್ಟಿತು. ಡ್ರೈವರ್ ಇಳಿದು ಹಂಡೆಯ ಬಾಯಿ ತೆಗೆದು ನೋಡಿ ಯುದ್ಧ ಮಾಡುವವರ ತಾಯಿ ತಂದೆಯರನ್ನೆಲ್ಲ ಬೈದ. ರಾತ್ರಿ ಬಿದ್ದ ಮಳೆಗೆ ಮೂಟೆಯ ಇದ್ದಲು ನೆನೆದಿದೆ, ಬೆಂಕಿಕಡ್ಡಿಗೆ ಹತ್ತುವುದಿಲ್ಲ, ತಳಕ್ಕೆ ಹಾಕಲು ನಿಗಿನಿಗಿ ಕೆಂಡ ಬೇಕು ಅಂದ. ಸುತ್ತಲೂ ಕಬ್ಬಿನ ಗದ್ದೆ. ಕಣ್ಣಿಗೆ ಬಿದ್ದದ್ದು ರಸ್ತೆ ಪಕ್ಕದ ಒಂದೇ ಒಂದು ಗುಡಿಸಲು, ಅದರ ಸೂರಿನಿಂದ ಏಳುತ್ತಿದ್ದ ಹೊಗೆ.

ಬೆಟ್ಟಯ್ಯ ಮುಖ ತಿರುಗಿಸಿದ. ಅದು ಮಂಚಮ್ಮನ ಗುಡಿಸಲು.

ಆರು ವರ್ಷದ ಹಿಂದೆ ನಾಲೆ ನೀರಿನ ಜಗಳ ನಡೆದಿತ್ತು. ಯಾರೋ ರಾತ್ರೋರಾತ್ರಿ ತೂಬು ಮುರಿದು ಊರಿನ ನೀರನ್ನೆಲ್ಲ ಒಂದೇ ಗದ್ದೆಗೆ ಹರಿಸಿಕೊಂಡಿದ್ದರು. ತುಂಬಿದ ಚಾವಡಿಯಲ್ಲಿ ವಿಧವೆ ಮಂಚಮ್ಮ ಎದ್ದು ನಿಂತು, ಮುರಿದದ್ದು ಯಜಮಾನರ ಆಳು, ನಾನೇ ಕಣ್ಣಾರೆ ಕಂಡೆ ಅಂದಿದ್ದಳು. ಕಂಡದ್ದು ನಿಜ. ಆದರೆ ಯಜಮಾನನ ಮುಖಕ್ಕೆ ಹೆಂಗಸೊಬ್ಬಳು ನಿಜ ಹೇಳುವುದೆಂದರೇನು? ಕೈ ಮುಗಿದು 'ತಪ್ಪಾಯ್ತು' ಅನ್ನು, ಒಂದು ಮಾತು ತಾನೆ, ಬಿಟ್ಟುಬಿಡುತ್ತೇವೆ ಎಂದು ಬೆಟ್ಟಯ್ಯ ದೊಡ್ಡ ಮನಸ್ಸು ತೋರಿದ. ಅವಳು ಅನ್ನಲಿಲ್ಲ. ಅವಳಿಗೆ ಬೆಂಕಿ ನೀರು ಬಂದ್ ಆಯಿತು. ಅವಳ ಮನೆಯ ಬೆಂಕಿ, ಅವಳ ಬಾವಿಯ ನೀರು ಮುಟ್ಟಿದವರಿಗೂ ಅದೇ ಗತಿ, ಅವರು ಚಾವಡಿಯಲ್ಲಿ ಅಡ್ಡಬಿದ್ದು ತಪ್ಪಾಯ್ತು ಅನ್ನುವವರೆಗೆ ಅವರಿಗೂ ಯಾರೂ ತೊಟ್ಟು ನೀರು ಕೊಡಕೂಡದು. ಕಟ್ಟು ಹಾಕಿದ್ದು ಬೆಟ್ಟಯ್ಯನ ನಾಲಿಗೆಯೇ. ಮಂಚಮ್ಮ ಊರೊಳಗಿನ ಮನೆಗೆ ಬೀಗ ಜಡಿದು ಹೊಲಕ್ಕೆ ಬಂದು ಕೂತಳು.

ಕೆಂಡ ಕೇಳಲು ಹೋದ ಡ್ರೈವರ್ ಬರಿಗೈಲಿ ವಾಪಸು ಬಂದ.

"ಬಸ್ಸಲ್ಲಿ ನಮ್ಮೂರ ಯಜಮಾನ್ರು ಕುಂತವ್ರೆ, ಕಂಡೆ. ಅವರೇ ಬಂದು ಕೇಳ್ಲಿ, ಕೊಡ್ತೀನಿ ಅಂತಾಳೆ."

ಬಸ್ಸಿನ ಕಣ್ಣೆಲ್ಲ ಬೆಟ್ಟಯ್ಯನ ಮೇಲೆ ಬಿತ್ತು. ಗುಮಾಸ್ತ ಪೇಪರು ಮಡಚಿದ. "ಹೋಗಿ ಬನ್ನಿ ಗೌಡರೆ. ಒಂದು ಕೆಂಡ ತಾನೆ?"

"ನಿಮ್ಗೊತ್ತಾಗಕ್ಕಿಲ್ಲ, ಸುಮ್ಕಿರಿ."

"ಗೊತ್ತಾಗೋದಕ್ಕೆ ಏನಿದೆ? ನಮಗೂ ರೈಲಿದೆ."

ಊರಿಗೆ ಹಿಂತಿರುಗಿ ಹೋಗಿ ಕೆಂಡ ತರುವಷ್ಟರಲ್ಲಿ ಅದು ಬೂದಿ. ನಡೆದು ಹೊರಟರೆ ಮದ್ದೂರಿಗೆ ಸಂಜೆ. ಬೆಟ್ಟಯ್ಯ ರೇವಣ್ಣನ ಮುಖ ನೋಡಿದ. ನೀವು ಇರಿ, ನಾನು ಹೋಗಿ ತರುತ್ತೇನೆ ಎಂದಾದರೂ ಅನ್ನುತ್ತಾನೆಂಬ ಆಸೆ. ರೇವಣ್ಣ ಕಬ್ಬಿನ ಗದ್ದೆಯನ್ನು ಹುಟ್ಟಿದಾಗಿನಿಂದ ಕಾಣದವನಂತೆ ನೋಡುತ್ತಿದ್ದ. ಬೆಟ್ಟಯ್ಯ ಎದ್ದ.

ಮಂಚಮ್ಮ ಬಾಗಿಲಲ್ಲೇ ನಿಂತಿದ್ದಳು. ಬಾ ಅನ್ನಲಿಲ್ಲ, ಕೂರು ಅನ್ನಲಿಲ್ಲ.

"ಕೆಂಡ ಬೇಕಾಗಿತ್ತು," ಅಂದ ಬೆಟ್ಟಯ್ಯ, ಅವಳ ತಲೆಯ ಮೇಲಿನ ಸೂರಿಗೆ.

"ಯಾರ್ನ ಕೇಳ್ತಾ ಇದ್ದೀರಿ? ಸೂರು ಕೊಡಕ್ಕಿಲ್ಲ."

"ನಿನ್ನೇ ಕಣಮ್ಮ."

"ಆರು ವರ್ಷ ಆಯ್ತು ಯಜಮಾನ್ರೆ. ನನ್ನ ಮಗ ಜರದಲ್ಲಿ ಮಲಗಿದ್ದಾಗ ಊರೊಳೀಕ್ ಬಂದು ಬಿಸ್ನೀರು ಕೇಳ್ದೆ. ಇದೇ ರೇವಣ್ಣನ ಎಂಡ್ತಿ ಬಾಗ್ಲು ಆಕ್ಕೊಂಡ್ಳು. ಮಗ ಉಳ್ಕೊಂಡ, ಅವನ ಪುಣ್ಯ. ನಿಮ್ದಲ್ಲ." ಅವಳ ಧ್ವನಿ ಏರಲಿಲ್ಲ. ಏರಿದ್ದರೆ ಬೆಟ್ಟಯ್ಯನಿಗೆ ಸಲೀಸಾಗುತ್ತಿತ್ತು, ಜಗಳ ಅವನಿಗೆ ಬರುವ ವಿದ್ಯೆ. "ಈವತ್ತೇನು ಅಂಥಾ ಅವಸ್ರ?"

ಹೇಳಬಾರದೆಂದೇ ಇದ್ದ. ಅವಳ ಮುಂದೆ ಮಗಳ ಸಂಕಟವನ್ನು ಹರವಿ ಕೂರುವುದೇ? ಆದರೂ ಬಾಯಿ ಅವನ ಮಾತು ಕೇಳಲಿಲ್ಲ.

"ಮಂಗಳ ಆಸ್ಪತ್ರೇಲವ್ಳೆ. ಮಗು ಅಡ್ಡ ಬಂದದಂತೆ. ನಾನು ಓಗಿ ಎಬ್ಬೆಟ್ಟು ಒತ್ಬೇಕು."

ಮಂಚಮ್ಮ ಒಳಗೆ ನಡೆದು ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು, ಒಡೆದ ಮಡಕೆಯ ಓಡಿಗೆ ಬೂದಿ ಹರವಿ, ತಳದ ದಪ್ಪ ದಪ್ಪ ಕೆಂಡಗಳನ್ನೇ ಹೆಕ್ಕಿ ಹೆಕ್ಕಿ ತುಂಬಿದಳು. ಹೊರಗೆ ತಂದು ಅವನ ಮುಂದೆ ಹಿಡಿದಳು.

"ಮೊದ್ಲೇ ಯೋಳಕ್ಕೇನಾಗಿತ್ತು ದಾಡಿ? ಆ ಮಗೀಗಾಗಿ ಕೊಡ್ತಾ ಇವ್ನಿ. ನಿಮ್ ಮೇಲಿನ ಸಿಟ್ಟು ಅಂಗೇ ಅದೆ, ಅದನ್ನ ಮಡಿಕ್ಕಂಡೇ ಕೊಡ್ತಾ ಇವ್ನಿ. ಇಡ್ಕಳಿ. ಡ್ರೈವರ್ ಕೈಗೆ ಕೊಡಕ್ಕಿಲ್ಲ. ನಿಮ್ ಕೈಯಾರೆ ತಕ್ಕಂಡೋಗಿ, ಬಸ್ಸೆಲ್ಲ ನೋಡ್ಲಿ."

ಅವನು ಎರಡೂ ಕೈಯಲ್ಲಿ ತೆಗೆದುಕೊಂಡ. ಓಡು ಸುಡುತ್ತಿತ್ತು. ರುಮಾಲಿನ ಸೆರಗು ಕೈಗೆ ಸುತ್ತಿಕೊಳ್ಳೋಣವೆಂದರೆ ಕೈ ಬಿಡುವಿಲ್ಲ. ಸುಡಿಸಿಕೊಂಡೇ ಬಸ್ಸಿನವರೆಗೂ ನಡೆದ.

ಬಸ್ಸು ಹೊರಟಿತು. ಬೆಟ್ಟಯ್ಯ ತನ್ನ ಜಾಗಕ್ಕೆ ಬಂದು ಕೂತ. ರೇವಣ್ಣ ಒಂದು ಗೇಣು ಆಚೆ ಸರಿದ. ಜನ ಕಡಿಮೆಯಿರಲಿಲ್ಲ, ಸರಿಯಲು ಜಾಗವಿರಲಿಲ್ಲ, ಆದರೂ ಸರಿದ. ಚೊಂಬು ಈ ತೊಡೆಯಿಂದ ಆ ತೊಡೆಗೆ ಹೋಯಿತು. ಗಂಟಲು ನಿಜವಾಗಿ ಒಣಗಿದ್ದು ಈಗ. ಕೈ ಬೇರೆ ಬೊಬ್ಬೆ ಎದ್ದು ಉರಿಯುತ್ತಿತ್ತು.

"ನೀರು ಕೊಡೋ," ಅಂದ ಬೆಟ್ಟಯ್ಯ.

ರೇವಣ್ಣ ಚೊಂಬಿನ ಬಾಯಿಗೆ ಅಂಗೈ ಮುಚ್ಚಿದ. ಮುಖದಲ್ಲಿ ಅದೇ ವಿನಯ, ಚೂರೂ ಕಡಿಮೆಯಾಗಿರಲಿಲ್ಲ.

"ತಾವೇ ಆಕಿದ ಕಟ್ಟು ಯಜಮಾನ್ರೆ. ನಾನು ಮೀರಾದುಂಟಾ? ಮನೇಲಿ ಎಂಡ್ರು ಮಕ್ಕಳವ್ರೆ." ಆಮೇಲೆ ಸಮಾಧಾನ ಹೇಳುವವನಂತೆ ಸೇರಿಸಿದ. "ಚಾವಡೀಲಿ ಕೈ ಮುಗ್ದು ತಪ್ಪಾಯ್ತು ಅಂದ್ಬುಡಿ, ತೀರೋಯ್ತು. ಒಂದು ಮಾತು ತಾನೆ?"

ಇವನ ಕೆನ್ನೆಗೆ ಬಾರಿಸೋಣವೆಂದರೆ ಅಂಗೈ ತುಂಬ ಬೊಬ್ಬೆ. ಮದ್ದೂರು ಬರುವವರೆಗೆ ಬೆಟ್ಟಯ್ಯ ಆ ಒಂದು ಮಾತನ್ನು ಮನಸ್ಸಿನಲ್ಲೇ ಅಂದು ನೋಡಿದ. ತಪ್ಪು ಎನ್ನುವವರೆಗೆ ಬರುತ್ತಿತ್ತು, ಮುಂದಕ್ಕೆ ನಾಲಿಗೆ ಏಳುತ್ತಿರಲಿಲ್ಲ. ಅದು ಒಂದು ಮಾತಲ್ಲ, ಎದೆ ಮೇಲಿನ ಬೀಸುವ ಕಲ್ಲು ಎಂದು ಐವತ್ತೆಂಟನೇ ವಯಸ್ಸಿನಲ್ಲಿ ಅವನಿಗೆ ತಿಳಿಯಿತು. ತಿಳಿದದ್ದಕ್ಕೂ ಸಿಟ್ಟು ಬಂತು.

ರೈಲು ಸಿಕ್ಕಿತು. ಬೊಬ್ಬೆಯೆದ್ದ ಹೆಬ್ಬೆರಳಿಗೆ ಮಸಿ ಹಚ್ಚಿ ಡಾಕ್ಟರ ಕಾಗದಕ್ಕೆ ಒತ್ತಿದ. ದೀಪ ಹಚ್ಚುವ ಹೊತ್ತಿಗೆ ಮಂಗಳ ಉಳಿದಳು, ಹೆಣ್ಣು ಮಗುವೂ ಉಳಿಯಿತು.

ಮುದ್ದಮ್ಮ ಅಳುತ್ತ ನಗುತ್ತ ಹೊರಗೆ ಬಂದು ಗಂಡನ ಕೈಗೆ ನೀರಿನ ಚೊಂಬು ಕೊಟ್ಟಳು. ಬೆಳಿಗ್ಗೆಯಿಂದ ಅವನಿಗೆ ಸಿಕ್ಕ ಎರಡನೇ ನೀರು ಅದು. ಅವನು ಗಟಗಟನೆ ಕುಡಿದ.

"ಊರ್ಗೆ ಊರೇ ಕರ್ದು ಎಸರು ಮಡಗಿ ಊಟ ಆಕುಮಾ ಕನ್ರೀ. ಒಂದು ಮನೇನೂ ಬುಡೋದು ಬ್ಯಾಡ. ಯಾರ್ಯಾರ್ನ ಕರೀಲಿ, ಯೋಳಿ."

ಬೆಟ್ಟಯ್ಯ ಖಾಲಿ ಚೊಂಬನ್ನು ಕೆಳಗಿಟ್ಟ.

"ಮಂಚಮ್ಮನ್ನ ಕರಿ," ಅಂದ. "ನಮ್ಮನೇಲಿ ನೀರು ಮುಟ್ಟೋಳು ಇನ್ನು ಅವಳೊಬ್ಳೇ. ಅವ್ಳೂ ಬರ್ತಾಳೋ ಇಲ್ವೋ."