ಬೀರಮ್ಮನ ಕೈಸೇರಿದ ಅಡ್ಡಕಟ್ಟಿಗೆ

ನಾನು ಕರಿಜಾಲಿಯ ಒಂದು ಅಡ್ಡಕಟ್ಟಿಗೆ. ಮೂರು ಮೂಲೆಯ, ಗೇಣುದ್ದದ ತುಂಡು. ಏರಿನಲ್ಲಿ ಲಾರಿ ನಿಂತಾಗ ಹಿಂದಿನ ಗಾಲಿಗೆ ಒತ್ತು ಕೊಟ್ಟು ಜಾರದಂತೆ ತಡೆಯುವುದೇ ನನ್ನ ಜನ್ಮದ ಕೆಲಸ. ಗದಗಿನ ಬಡಿಗ ನನ್ನನ್ನು ಕೆತ್ತಿ, ಮೈಗೊಂದು ಕಬ್ಬಿಣದ ಪಟ್ಟಿ ಬಿಗಿದಾಗ, ಕೊಳ್ಳಲು ಬಂದಿದ್ದ ದಾವಲಸಾಬ ನನ್ನ ಮೇಲೆ ಎರಡೂ ಕಾಲಿಟ್ಟು ನಿಂತು ನೋಡಿದ. "ತಡೀತೈತಿ" ಎಂದ. ಆ ಮಾತಿನಷ್ಟು ಹೆಮ್ಮೆಯನ್ನು ಮತ್ತಾವ ಮಾತೂ ನನಗೆ ಕೊಟ್ಟಿಲ್ಲ.

ದಾವಲಸಾಬ ಗುರುಬಸಪ್ಪ ಸಾಹುಕಾರರ ಲಾರಿಯ ಚಾಲಕ. ಕ್ಲೀನರ್ ಫಕೀರಪ್ಪ ಬಿಳಿಮೀಸೆಯ ಹಿರಿಯ. ಏರಿನಲ್ಲಿ ಲಾರಿ ಏದುಸಿರು ಬಿಡತೊಡಗಿದರೆ ಫಕೀರಪ್ಪ ನನ್ನನ್ನು ಬಗಲಲ್ಲಿಟ್ಟುಕೊಂಡು ಹಿಂದೆ ನಡೆಯುವನು, "ಕಟ್ಟಿಗಿ ಹಾಕೋ!" ಎಂಬ ಕೂಗು ಬಿದ್ದೊಡನೆ ನಾನು ಗಾಲಿಯ ಬುಡ ಸೇರುವೆನು. ನೆಲಮಟ್ಟದಿಂದ ನಾನು ಕಂಡ ಲೋಕವೆಂದರೆ ದಾವಲಸಾಬನ ಸವೆದ ಚಪ್ಪಲಿ, ಫಕೀರಪ್ಪನ ಬರಿಗಾಲು, ಸಾಹುಕಾರರ ಕಿರುಗುಟ್ಟುವ ಮೆಟ್ಟು.

ಒಂದು ದಿನ ಆ ಮೆಟ್ಟು ಲಾರಿಯನ್ನು ಸುತ್ತಿ ಬಂದು ನಿಂತಿತು. "ಹೊಸಾ ಹ್ಯಾಂಡ್‌ಬ್ರೇಕ್ ಹಾಕ್ಸೇನಿ. ಇನ್ನ ಈ ಮುದುಕ ಯಾಕ?" ಅಂದಿನಿಂದ ಆ ಬರಿಗಾಲು ನನ್ನ ಕಣ್ಣಿಗೆ ಬೀಳಲಿಲ್ಲ. ನಾನು ಲಾರಿಯ ಪಕ್ಕದ ಕೊಂಡಿಯಲ್ಲಿ ನೇತಾಡುತ್ತ ಉಳಿದೆ.

ಆ ಮಳೆಗಾಲದಲ್ಲಿ ಬಂದರಿನಿಂದ ಗೊಬ್ಬರದ ಮೂಟೆ ಹೊತ್ತು ಬಯಲುಸೀಮೆಗೆ ಹೊರಟಿದ್ದೆವು. ಘಟ್ಟದ ಬುಡದಲ್ಲಿ ಭಾರೀ ವಾಹನಗಳಿಗೆ ನಿಷೇಧವೆಂಬ ಫಲಕವಿತ್ತು. ಮೇಲೆ ರಸ್ತೆಯ ಅಂಚು ಕುಸಿದಿತ್ತು. ದಾವಲಸಾಬ ಲಾರಿ ನಿಲ್ಲಿಸಿ ಫೋನು ಮಾಡಿದ. ಸಾಹುಕಾರರ ದನಿ ಹೊರಗಿದ್ದ ನನಗೂ ಕೇಳಿಸಿತು.

"ಸುತ್ತುದಾರಿ ಹಿಡದ್ರ ನಾಳಿಗೆ ಮುಟ್ಟತೀ. ಸುಮ್ನ ಹತ್ತಸು. ಆಗೂದಿಲ್ಲಂದ್ರ ಕೀಲಿ ಇಟ್ಟು ಇಳಿ. ಡ್ರೈವರ್‌ಗಳಿಗೇನು ಬರ ಬಂದೈತೇನು?"

ಮಗಳ ಹೆರಿಗೆಯ ತಿಂಗಳು. ಕೆಲಸ ಬಿಡುವ ಕಾಲವಲ್ಲ. ದಾವಲಸಾಬ ದೇವರ ಹೆಸರು ಹೇಳಿ ಗೇರು ಹಾಕಿದ.

ಕಡಿದಾದ ತಿರುವಿನಲ್ಲಿ ಇಂಜಿನ್ ನಿಂತುಹೋಯಿತು. ಹೊಸ ಹ್ಯಾಂಡ್‌ಬ್ರೇಕ್ ಅಷ್ಟು ಭಾರಕ್ಕೆ ಸೋತಿತು. ಹಿಂದೆ ಜನ ತುಂಬಿದ ಚಿಕ್ಕ ಬಸ್ಸು. ಅದಕ್ಕೆ ಸರಿಯಲು ಎಡೆಯಿಲ್ಲ. ದಾವಲಸಾಬ ಮೈಭಾರವನ್ನೆಲ್ಲ ಬ್ರೇಕಿನ ಮೇಲೆ ಹೇರಿದ್ದ. ಆದರೂ ಲಾರಿ ಬೆರಳಗಲ, ಮತ್ತೆ ಬೆರಳಗಲ, ಹಿಂದಕ್ಕೆ ಜಾರುತ್ತಿತ್ತು. ಅವನು ಇಳಿದು ನನ್ನನ್ನು ಮುಟ್ಟುವಂತಿರಲಿಲ್ಲ. ಆಗ ಎಷ್ಟೋ ಕಾಲದ ರೂಢಿಯಿಂದ, ಅಲ್ಲಿಲ್ಲದವನನ್ನೇ ಕೂಗಿದ:

"ಕಟ್ಟಿಗಿ ಹಾಕೋ, ಫಕೀರಣ್ಣಾ!"

ತಿರುವಿನಲ್ಲಿ ಜೋಳದ ತೆನೆ ಸುಟ್ಟು ಮಾರುತ್ತಿದ್ದ ಬೀರಮ್ಮ ತಲೆಯೆತ್ತಿದಳು. ಕೈಗಾಡಿ ಬಿಟ್ಟು ಓಡಿಬಂದು, ಕೊಂಡಿಯಿಂದ ನನ್ನನ್ನು ಕಿತ್ತು, ಗಾಲಿಯ ಹಿಂದೆ ದೂಡಿದಳು. ಲಾರಿಯ ಭಾರವೆಲ್ಲ ನನ್ನ ಮೇಲೇರಿತು. ನನ್ನ ಎದೆ ಸೀಳಿತು. ಕಬ್ಬಿಣದ ಪಟ್ಟಿ ಬಿಡದೆ ಹಿಡಿಯಿತು. ಲಾರಿ ನಿಂತಿತು. ಬಸ್ಸಿನವರು ಇಳಿದು ಉಳಿದ ಗಾಲಿಗಳಿಗೆ ಕಲ್ಲು ಒಟ್ಟಿದರು.

ದಾವಲಸಾಬ ಇಳಿದು ಬಂದ.

"ಎಂತಾ ಮಾರಾಯಾ, ನಾ ನಿನ್ ಫಕೀರಣ್ಣನ ಹಾಂಗೆ ಕಾಣ್ತ್ನಾ?" ಎಂದಳು ಬೀರಮ್ಮ, ಕೈಯ ಮಸಿಯನ್ನು ಸೆರಗಿಗೆ ಒರೆಸುತ್ತ. "ಮೀಸೆ ಒಂದ್ ಇಲ್ಲ ನಂಗೆ!"

ಅವನು ನಕ್ಕ; ನಗುತ್ತಲೇ ಅತ್ತ. ಬಳಿಕ ಫೋನು ತೆಗೆದ.

"ಸಾಹುಕಾರ್ರ, ಮಾಲು ಸಣ್ಣ ಗಾಡಿಗೆ ಇಳಿಸ್ಕೊಳ್ರಿ. ನಾ ಇಲ್ಲಿಂದ ಒಂದು ಮಾರೂ ಮ್ಯಾಲ ಒಯ್ಯೂದಿಲ್ಲ."

"ಹಂಗಾದ್ರ ಕೀಲಿ ಇಟ್ಟು ಹೋಗು!"

"ಇಡತೇನ್ರಿ. ಬಸ್ಸಿನ ಮಂದಿ ಜೀವಂತ ಅದಾರ. ನನಗ ಅಷ್ಟ ಸಾಕು."

ಕೆಲಸ ಹೋಯಿತು. ಮೂಟೆಗಳು ಇಳಿದು, ಬರಿದಾದ ಲಾರಿಯನ್ನು ಬೇರೆ ಚಾಲಕ ಬಂದು ಕೆಳಗಿಳಿಸುವವರೆಗೂ ಅವನು ಅಲ್ಲಿಯೇ ಇದ್ದ. ಹೊರಡುವಾಗ, ತನ್ನ ಕಾಸಿನಲ್ಲೇ ಕೊಂಡಿದ್ದ ನನ್ನನ್ನು ಬೀರಮ್ಮನ ಕೈಯಲ್ಲಿಟ್ಟ. "ಅವ್ವಾ, ಕೊಡಾಕ ನನ್ನ ಕಡೆ ಇದೊಂದ ಐತಿ."

ಈಗ ನಾನು ಅವಳ ಕೈಗಾಡಿಯ ಗಾಲಿಗೆ ಒತ್ತಾಗಿ ಬಿದ್ದಿದ್ದೇನೆ. ಕೆಂಡದ ಕಾವು ತಾಗುವುದರಿಂದ ಗೆದ್ದಲು ನನ್ನ ಹತ್ತಿರ ಸುಳಿಯದು. ಮುಪ್ಪಿನಲ್ಲಿ ಇದೊಂದು ಭಾಗ್ಯ. ಎರಡು ಮಳೆಗಾಲ ಕಳೆದ ಮೇಲೆ ಒಮ್ಮೆ ದಾವಲಸಾಬ ಮೊಮ್ಮಗಳನ್ನು ಎತ್ತಿಕೊಂಡು ಬಸ್ಸಿನಲ್ಲಿ ಬಂದ. ಈಗ ಬೇರೆ ಧಣಿಯ ಲಾರಿ ಓಡಿಸುತ್ತಾನಂತೆ, ಸುತ್ತುದಾರಿ ಹಿಡಿದರೆ ಆ ಧಣಿ ಬೈಯುವುದಿಲ್ಲವಂತೆ, ಫಕೀರಪ್ಪನೂ ಜೊತೆಗಿದ್ದಾನಂತೆ. ಕೂಸಿಗೆ ತೆನೆ ತಿನ್ನಿಸುತ್ತ ಅವನು ನನ್ನ ಸೀಳಿನ ಮೇಲೆ ಬೆರಳಾಡಿಸಿದ.

"ತಗಂಡ್ ಹೋಗ್ತ್ಯಾ?" ಎಂದಳು ಬೀರಮ್ಮ.

"ಬ್ಯಾಡವ್ವ, ಇಲ್ಲೇ ಇರ್ಲಿ. ಯಾರರ ಕೂಗಿದ್ರ ಬೇಕಾಕ್ಕೈತಿ."

ಇಂದಿನವರೆಗೆ ಯಾರೂ ಕೂಗಿಲ್ಲ. ಕೂಗುವ ಗಳಿಗೆ ಯಾರಿಗೂ ಬಾರದಿರಲಿ. ನನ್ನನ್ನು ಕೆತ್ತಿದ ಕೈಗೂ, ಹೊತ್ತು ನಡೆದ ಕೈಗೂ, ಕೂಗು ಕೇಳಿ ಓಡಿಬಂದ ಈ ಮಸಿಗೈಗೂ ನಾನು ಋಣಿ.