ಬೊನೊಲೊ ಟೀಚರ್ ಕಾದ ಮೊಟ್ಟೆ

"ಚೆಲ್ಬೇಡ ಕಣೇ, ಚೆಲ್ಬೇಡ!"

ಸೆಬೊಲೆಲೊ ಕಪ್ಪು ಶಾಲು ಜಾರಿದರೂ ಲೆಕ್ಕಿಸದೆ ಓಡಿ, ಅಡುಗೆಯವಳ ಕೈಯಿಂದ ಬೋಗುಣಿ ಕಸಿದುಕೊಂಡಳು. ಅರ್ಧ ನೀರು ಅವಳ ಮೈಮೇಲೇ ತುಳುಕಿತು. ಅಕ್ಕ ಬೊನೊಲೊಳನ್ನು ಮಣ್ಣು ಮಾಡಿ ಬಂದು, ಗೇಟಿನಲ್ಲಿ ತೊಳೆದ ಕೈ ಇನ್ನೂ ಆರಿರಲಿಲ್ಲ.

"ಶುಂಠಿ ಪಾನಕಕ್ಕೆ ಪಾತ್ರೆ ಸಾಲ್ದು ಅಂತ ನಾನೇ ಹೇಳ್ದೆ," ಎಂದರು ಮೊಕ್ವೆನಾ ಮಾಮ. "ಊರಿಗೂರೇ ಊಟಕ್ಕೆ ನಿಂತಿದೆ, ನೀನು ಕಪ್ಪೆಮರಿ ಕಾಯ್ತೀಯಾ?"

"ಅಕ್ಕ ಸಾಯೋ ಹಿಂದಿನ ದಿನಾನೂ ವಿಚಾರಿಸಿದ್ದು ಇದನ್ನೇ ಮಾಮ, ನಿಮ್ಮನ್ನಲ್ಲ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬೊನೊಲೊಳ ಹಳೆಯ ಶಿಷ್ಯೆ, ಈಗ ಅದೇ ಶಾಲೆಯಲ್ಲಿ ಟೀಚರಾಗಿರುವ ಒಂತತಿಲೆ, ಬೋಗುಣಿಗೆ ಬಗ್ಗಿದಳು. ಬೊನೊಲೊ ಸಾಕಿದ್ದ ಮರಿಗಳಲ್ಲಿ ಉಳಿದಿದ್ದದ್ದು ಒಂದೇ ಗೊದಮೊಟ್ಟೆ.

"ಚಿಕ್ಕಮ್ಮಾ, ಮುಂಗಾಲು ಮೂಡ್ತಿದೆ! ಕಪ್ಪೆಯಾದ್ರೆ ಕಿವಿರು ಹೋಯ್ತು, ಅದರ ಜತೆ ಅಲ್ಲಿರೋ ಹುಳಾನೂ ಹೋಯ್ತು. ಅದು ಮೊಟ್ಟೆಯಿಡೋದು ನೋಡೋದಿದ್ರೆ ಇವತ್ತೇ."

* * *

ಮಾಫಿಕೆಂಗ್ ಪಟ್ಟಣದ ಆಚೆಯ ಆ ಹಳ್ಳಿಯಲ್ಲಿ ಬದುಕಿಡೀ ಪಾಠ ಹೇಳಿದ ಬೊನೊಲೊ ಮದುವೆಯಾಗಲಿಲ್ಲ. ಮೀಸೆ ಮೂಡದ ಹುಡುಗನನ್ನು ಕಟ್ಟಿಕೊಂಡು ಬೇಗನೆ ತಾಯಾದ ತಂಗಿ ಸೆಬೊಲೆಲೊಳ ಮನೆಗೆ, ನಿವೃತ್ತಿಯಾದ ಮೇಲೆ ಕಪ್ಪೆಗಳ ಸಮೇತ ಬಂದಿಳಿದಳು.

"ಕೇಳೇ," ಎನ್ನುತ್ತಿದ್ದಳು ಕಣ್ಣರಳಿಸಿ. "ಒಂದೇ ಜಾತಿ ಚಪ್ಪಟೆ ಹುಳ, ಎರಡು ಥರದ ಬಾಳು. ಎಳೇ ಗೊದಮೊಟ್ಟೆಗೆ ಅಂಟಿದ್ದು ಕಿವಿರಲ್ಲೇ ಬಲಿತು, ಬಡಬಡ ಮೊಟ್ಟೆಯಿಟ್ಟು ಸಾಯುತ್ತೆ. ದೊಡ್ಡ ಗೊದಮೊಟ್ಟೆಗೆ ಅಂಟಿದ್ದು, ಅದು ಕಪ್ಪೆಯಾದ ಮೇಲೆ ಉಚ್ಚೆಚೀಲದಲ್ಲಿ ಕೂತು ಕಾಯುತ್ತೆ. ಮಳೆ ಬಿದ್ದು ಕಪ್ಪೆ ನೀರಿಗಿಳಿದಾಗಲೇ ಅದರ ಮೊಟ್ಟೆ."

"ಅಂದ್ರೆ ನಾನು ಕಿವಿರಿಂದು, ನೀನು ಉಚ್ಚೆಚೀಲದ್ದು ಅಂತ ತಾನೇ?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಕಾಯುವ ಹುಳುವನ್ನು ಬೊನೊಲೊ ಎಷ್ಟೋ ಸಲ ಕಂಡಿದ್ದಳು. ಅವಸರದ್ದರ ಮೊಟ್ಟೆಯನ್ನು ಮಾತ್ರ ಪುಸ್ತಕದಲ್ಲಿ ಓದಿದ್ದಷ್ಟೆ. ಈ ಸಲದ ಮೊದಲ ಮಳೆಗೆ ತಾನೇ ಎಳೆಯ ಮರಿಗಳಿಗೆ ಹುಳು ಅಂಟಿಸಿದಳು. ಅವು ಬಲಿಯುವ ಮುಂಚೆ ಆಸ್ಪತ್ರೆ ಸೇರಿದಳು.

* * *

ಶೋಕಕ್ಕೆ ಕೂರುವ ಹೆಂಗಸರಿಗೆಂದು ನೆಲದಲ್ಲಿ ಹಾಸಿಗೆ ಹಾಸಿದ್ದ ಕೋಣೆಯಲ್ಲೇ, ಕಿಟಕಿಯ ಬೆಳಕಿಗೆ, ಒಂತತಿಲೆ ಮೈಕ್ರೋಸ್ಕೋಪ್ ಹೂಡಿ ಗಾಜಿನ ತಟ್ಟೆಗೆ ಮರಿಯನ್ನು ಬಿಟ್ಟಳು.

"ಎಡಪಕ್ಕದ ತೂತು ನೋಡ್ತಿರಿ ಚಿಕ್ಕಮ್ಮ. ಕಿವಿರಿನ ನೀರು ಹೊರಗೆ ಬರೋದು ಅಲ್ಲಿಂದ."

ಸೆಬೊಲೆಲೊ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ತೂತು ತೆರೆಯಿತು, ಮುಚ್ಚಿತು. ಬರೀ ನೀರು. ಕಣ್ಣು ಉರಿಯತೊಡಗಿತು. ಹೊರಗೆ ಮಾಮ ಅವಳ ಹೆಸರು ಹಿಡಿದು ಕೂಗುತ್ತಿದ್ದರು. ಅವಳು ಕದಲಲಿಲ್ಲ.

ಆಗ ನೀರಿನ ಜತೆ, ಜೇನಿನ ಬಣ್ಣದ ಒಂದು ಕಾಳು ಉರುಳಿ ಬಂದು ಗಾಜಿನ ಮೇಲೆ ನಿಂತಿತು.

"ಇಟ್ತು! ಅಕ್ಕಾ, ಇಟ್ತು ಕಣೇ!"

ಮದುವೆಮನೆಯಲ್ಲಿ ಹೆಂಗಸರು ನಾಲಿಗೆ ಹೊರಳಿಸಿ ಹಾಕುವ ಕೇಕೆ ಅವಳ ಗಂಟಲಿನಿಂದ ತಾನಾಗಿ ಚಿಮ್ಮಿತು. ಸಾವಿನ ಮನೆಯಲ್ಲಿ ಕೇಕೆಯೇ ಅಂತ ಗದರಿಸಲೆಂದೇ ನುಗ್ಗಿದ ಮಾಮನನ್ನು ಅವಳು ತೋಳು ಹಿಡಿದೆಳೆದು ಮೈಕ್ರೋಸ್ಕೋಪಿಗೆ ಬಗ್ಗಿಸಿದಳು.

ಮಾಮ ಅದರಿಂದ ಕಣ್ಣು ತೆಗೆಯಲೇ ಇಲ್ಲ. ಅವರ ಬೆನ್ನ ಹಿಂದೆ, ತಟ್ಟೆಯಲ್ಲಿ ಮಾಂಸ ಆರುತ್ತಿದ್ದರೂ, ಕಪ್ಪು ಶಾಲಿನ ಹೆಂಗಸರು ತಾವೂ ನೋಡಲೆಂದು ತುದಿಗಾಲಲ್ಲಿ ಸಾಲು ನಿಂತಿದ್ದರು.